ಬಿ ಗುಂಪಿನ ಏಳನೆಯವಳು

ತೊಂಡೆ ಎಲೆಯನ್ನೂ ಇದ್ದಿಲನ್ನೂ ಸೇರಿಸಿ ಅರೆದರೆ ಒಂದು ಹಸಿ ವಾಸನೆ ಏಳುತ್ತದೆ. ಸ್ವಲ್ಪ ಕಹಿ, ಸ್ವಲ್ಪ ಮಣ್ಣು, ಆರಿದ ಒಲೆಯ ಮುಂದೆ ಯಾರೋ ಸೊಪ್ಪು ಹಿಚುಕಿದ ಹಾಗೆ. ಶಾಲೆ ಎಂದರೆ ಶಿವಗಂಗಮ್ಮನಿಗೆ ಮೊದಲು ನೆನಪಾಗುತ್ತಿದ್ದುದು ಆ ವಾಸನೆಯೇ. ಅವಳು ಹೊಸದುರ್ಗದಲ್ಲಿ ಓದುತ್ತಿದ್ದ ಕಾಲದಲ್ಲಿ ಶನಿವಾರ ಶನಿವಾರ ಕರಿಹಲಗೆಗೆ ಆ ಮಸಿ ಬಳಿಯಬೇಕಿತ್ತು. ಆ ಕೆಲಸ ಬೀಳುತ್ತಿದ್ದುದು ಓದು ಹತ್ತದ ಮಕ್ಕಳ ಪಾಲಿಗೆ. ಅವಳ ಅಕ್ಕ ನಾಲ್ಕು ವರ್ಷ ಎಲೆ ಅರೆದಳು. ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದ ಅಕ್ಕನ ಅಂಗೈ ಮುಖದ ಹತ್ತಿರ ಬಂದರೆ ಅದೇ ವಾಸನೆ. ಐದನೆಯ ವರ್ಷ ಅಕ್ಕ ಶಾಲೆಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ಯಾಕೆ ಬರಲಿಲ್ಲ ಎಂದು ಶಾಲೆಯವರು ಕೇಳಲೂ ಇಲ್ಲ. ಅಂಗೈ ಬೆಳ್ಳಗಾಯಿತು, ಅಷ್ಟೇ.

ಶಿವಗಂಗಮ್ಮ ಮಾತ್ರ ಓದಿದಳು. ದುರ್ಗದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ತರಬೇತಿಯನ್ನೂ ಮಾಡಿಕೊಂಡು, ಕೊನೆಗೆ ಕಾಟನಹಟ್ಟಿಯ ಶಾಲೆಗೆ ಮೇಷ್ಟರಾಗಿ ಬಂದಳು. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು, ಒಂದು ಒಂಟಿ ಬೇವಿನ ಮರದ ಹತ್ತಿರ ಇಳಿದು, ಎರಡು ಮೈಲಿ ನಡೆದರೆ ಕುರಿ ಸಾಕುವವರ ಹಟ್ಟಿ. ಎರಡು ಕೋಣೆ, ಒಂದು ಜಗಲಿಯ ಶಾಲೆ. ಅವಳಲ್ಲದೆ ಇದ್ದವರು ಹೆಡ್‌ಮೇಷ್ಟರು ದೊಡ್ಡತಿಮ್ಮಪ್ಪ ಒಬ್ಬರೇ. ಪಿಂಚಣಿಗೆ ಹತ್ತಿರವಾಗಿದ್ದ ಮನುಷ್ಯ. ಬಾಯಿ ಜೋರು, ಆದರೆ ಶಾಲೆಗೆ ಬರುವಾಗ ಜೇಬಿನ ತುಂಬ ಹುರಿಗಡಲೆ ತಂದು, ಬೆಳಿಗ್ಗೆ ಏನೂ ತಿನ್ನದೆ ಬಂದ ಮಗುವನ್ನು ಮುಖ ನೋಡಿಯೇ ಗುರುತಿಸಿ, ಬೈಯುತ್ತಲೇ ಒಂದು ಹಿಡಿ ಕೊಡುತ್ತಿದ್ದರು.

ಮೂರನೆಯ ತರಗತಿಯಲ್ಲಿ ಎರಡು ವರ್ಷದಿಂದ ಕುಳಿತೇ ಇದ್ದ ಹುಡುಗಿ ಮಲ್ಲಕ್ಕ. ಹತ್ತು ವರ್ಷ. ಹಲಗೆಯ ಮೇಲಿನ ಅಕ್ಷರ ನೋಡಿ ಒಂದನ್ನು ಇನ್ನೊಂದೆನ್ನುತ್ತಿದ್ದಳು, ಬರೆದರೆ ತಿರುವಿ ಬರೆಯುತ್ತಿದ್ದಳು, ಕೇಳಿದರೆ ನೆಲ ನೋಡುತ್ತಿದ್ದಳು. ೧೯೭೩ರ ಜೂನಿನಲ್ಲಿ ಶಾಲೆ ತೆರೆದ ವಾರ ಅವಳ ಅಪ್ಪ ಜುಂಜಯ್ಯ ಬಂದು, ಕೋಲನ್ನು ಗೋಡೆಗೆ ಒರಗಿಸಿ, ಜಗಲಿಯ ಕೆಳಗೇ ನಿಂತ. ಮೇಲೆ ಬಾ ಎಂದರೆ ಬರಲಿಲ್ಲ. ಹಿಂದಿನ ವರ್ಷ ಹುಲ್ಲುಗಾವಲಿನಲ್ಲಿ ಅರಣ್ಯ ಇಲಾಖೆಯವನು ಮೇವಿನ ಪಾಸು ತೋರಿಸು ಎಂದನಂತೆ. ಜುಂಜಯ್ಯ ತೋರಿಸಿದ. ತಲೆಕೆಳಗಾಗಿ ಹಿಡಿದಿದ್ದನಂತೆ. ಆ ಮನುಷ್ಯ ನಕ್ಕದ್ದಷ್ಟೇ ಅಲ್ಲ, ಈ ಪಾಸಿನ ತಾರೀಕು ಮುಗಿದಿದೆ ಎಂದು ಸುಳ್ಳು ಹೇಳಿ ಕುರಿಗಳನ್ನೂ ಅವನನ್ನೂ ಬಿಸಿಲಲ್ಲಿ ಒಂದು ಹಗಲು ನಿಲ್ಲಿಸಿದ.

"ಮನೇಲಿ ಒಬ್ಬರಿಗಾದ್ರೂ ಕಾಗದ ಓದಾಕೆ ಬರ್ಬೇಕು ಮೇಷ್ಟ್ರಮ್ಮ," ಎಂದ ಜುಂಜಯ್ಯ. "ಹಿರೇನು ಕುರಿ ಹಿಂದೆ ಬಿದ್ದಾಗೈತೆ. ಇವ್ಳಿಗೆ ಯುಗಾದಿಗಂಟ ಟೈಮು. ಆಮೇಲೆ ನಾವು ಮಂದೆ ಹೊಡ್ಕಂಡು ಹೊಳೆಸಾಲಿಗೆ ಹೋಗ್ತೀವಿ. ಓದಾಕ್ ಬಂದ್ರೆ ಅವರಜ್ಜಿ ತಾವ ಬಿಟ್ಟು ಹೋಗ್ತೀನಿ, ಶಾಲಿಗೆ ಬರ್ಲಿ. ಬರ್ಲಿಲ್ಲ ಅಂದ್ರೆ ನಮ್ ಜೊತೆ."

ಅಂದು ಸಂಜೆ ಶಿವಗಂಗಮ್ಮ ಬಸ್ಸಿಗೆ ಹೋಗದೆ ಮಲ್ಲಕ್ಕನ ಹಿಂದೆಯೇ ಹಟ್ಟಿಗೆ ಹೋದಳು. ಮೇಯಲು ಹೋದ ಕುರಿಗಳು ಮರಳುವ ಹೊತ್ತು. ತಡಿಕೆಯೊಳಗೆ ಕೂಡಿದ್ದ ಮರಿಗಳು ಒಂದೇ ಸಮ ಕೂಗುತ್ತಿದ್ದವು. ಮಲ್ಲಕ್ಕ ಒಂದೊಂದು ಮರಿಯನ್ನು ಎತ್ತಿ, ನೂರೈವತ್ತು ಕುರಿಗಳ ನಡುವೆ ನುಗ್ಗಿ, ಅದರದೇ ತಾಯಿಯ ಕೆಚ್ಚಲಿಗೆ ಬಿಡುತ್ತಿದ್ದಳು. ಒಂದೂ ತಪ್ಪಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ಶಿವಗಂಗಮ್ಮ ಕೇಳಿದಾಗ ಹುಡುಗಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಮುಖ ನೋಡಿದ್ರೆ ಗೊತ್ತಾಗಲ್ವ?"

ಆ ಮಾತು ಶಿವಗಂಗಮ್ಮನ ನಿದ್ದೆ ಕೆಡಿಸಿತು. ಮರುದಿನ ಒಂದು ಹಳೆಯ ತಟ್ಟೆಯಲ್ಲಿ ಮರಳು ಹರವಿ, ಒಂದು ಅಕ್ಷರವನ್ನು ಬೆರಳಲ್ಲಿ ಬರೆದು, ಇದು ಕುರಿ ಎಂದುಕೋ ಎಂದಳು. ಇದರ ಕಿವಿ ಎತ್ತ ತಿರುಗಿದೆ, ಹೊಟ್ಟೆ ಎಲ್ಲಿದೆ, ಬಾಲ ಎತ್ತಿದೆಯೋ ಇಳಿಸಿದೆಯೋ? ಮಲ್ಲಕ್ಕ ಬಾಗಿ ನೋಡಿದಳು. ಅಲ್ಲಿಯವರೆಗೆ ಅವಳಿಗೆ ಅಕ್ಷರ ಎಂದರೆ ಯಾರೋ ಚೆಲ್ಲಿದ ಕಾಳು. ಈಗ ಅದಕ್ಕೊಂದು ಮುಖ ಬಂತು. ಕಾಗುಣಿತವಂತೂ ಸಲೀಸಾಯಿತು. ಮೊದಲ ಅಕ್ಷರ ತಾಯಿ, ಉಳಿದವು ಅದರ ಮರಿಗಳು. ಮರಳಿನ ಮೇಲೆ ಶಿವಗಂಗಮ್ಮ ಒಂದು ಮರಿಯನ್ನು ಬರೆದು "ಇದರವ್ವ ಯಾರು?" ಎನ್ನುತ್ತಿದ್ದಳು, ಮಲ್ಲಕ್ಕ ಪಕ್ಕದಲ್ಲಿ ತಾಯಿಯನ್ನು ಬರೆಯುತ್ತಿದ್ದಳು. ಐದು ವಾರದಲ್ಲಿ ಒಂಬತ್ತು ತಾಯಿಗಳು ಗುರುತಾದವು. ಇನ್ನೂ ಕೆಲವು ಮಕ್ಕಳನ್ನು ಅದೇ ತಟ್ಟೆಯ ಸುತ್ತ ಕೂರಿಸತೊಡಗಿದಳು. ಯಾವ ಮಗು ಯಾವ ಅಕ್ಷರಕ್ಕೆ ಎಡವಿತು, ಏನು ಹೇಳಿದ ಮೇಲೆ ತಿದ್ದಿಕೊಂಡಿತು ಎಂಬುದನ್ನು ದಿನದಿನವೂ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಳು. ಯಾರೂ ಕೇಳಿರಲಿಲ್ಲ, ಅಕ್ಕನಿಗೆ ಯಾರೂ ಬರೆದಿಡಲಿಲ್ಲವಲ್ಲ ಎಂದು ಬರೆದಳೋ ಏನೋ.

ಜುಲೈ ಕೊನೆಗೆ ಮುರುಗಪ್ಪನವರು ಬಂದರು. ಜಿಲ್ಲೆಯ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಲೆಕ್ಚರರು. ಓದಿನಲ್ಲಿ ಹಿಂದೆ ಬೀಳುವ ಮಕ್ಕಳ ಮೇಲೆ ಸಂಶೋಧನೆ ಮಾಡುತ್ತಿದ್ದರು, ಡಾಕ್ಟರೇಟ್ ಪದವಿಗೆ. ಬೇವಿನ ಮರದಿಂದ ಬಿಸಿಲಲ್ಲಿ ನಡೆದು ಬಂದು, ಕುಡಿಯಲು ನೀರು ತಂದ ಹುಡುಗಿಗೆ ಎರಡೂ ಕೈ ಜೋಡಿಸಿ, ಮಕ್ಕಳ ಜೊತೆ ನೆಲದ ಮೇಲೆಯೇ ಕುಳಿತರು. ಶಿವಗಂಗಮ್ಮನ ನೋಟ್‌ಪುಸ್ತಕವನ್ನು ಮೊದಲು ನಿಂತೇ ತಿರುವಿದರು. ಎರಡು ಹಾಳೆ ಆದ ಮೇಲೆ ಕನ್ನಡಕ ಹಾಕಿಕೊಂಡು ಕುಳಿತರು. ಪೂರಾ ಓದಿ ಮುಗಿಸುವವರೆಗೆ ಏಳಲಿಲ್ಲ.

"ಇದನ್ನ ಯಾರು ಹೇಳಿಕೊಟ್ಟರಮ್ಮ ನಿಮಗೆ?"

ಯಾರೂ ಇಲ್ಲ ಸಾರ್ ಎಂದಳು. ಅವರು ಪುಸ್ತಕವನ್ನು ಮುಚ್ಚಿ, ಮೇಲೆ ಕೈಯಿಟ್ಟುಕೊಂಡು, ದೊಡ್ಡ ದೊಡ್ಡ ಊರುಗಳಲ್ಲಿ ಕುಳಿತು ಬರೆದವರಿಗೂ ಇದು ಹೊಳೆದಿಲ್ಲ ಎಂದರು. ಆರು ವರ್ಷದ ಕೆಲಸದಲ್ಲಿ ಅವಳ ಪಾಠದ ಬಗ್ಗೆ ಇನ್ನೊಬ್ಬರು ಹೇಳಿದ ಮೊದಲ ಒಳ್ಳೆಯ ಮಾತು ಅದು. ಮುಂದಿನದಕ್ಕೆಲ್ಲ ಅವಳು ಒಪ್ಪಿದ್ದು ಆ ಮಾತಿನ ಗುಂಗಿನಲ್ಲೇ ಇರಬೇಕು.

ಮುಂದಿನದು ಹೀಗಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ತಾಲ್ಲೂಕಿಗೆ ಮೂರರಂತೆ ಹನ್ನೆರಡು ಶಾಲೆ. ಪ್ರತಿ ಶಾಲೆಯಲ್ಲೂ ಓದು ಹತ್ತದ ಹದಿನಾರು ಮಕ್ಕಳು. ಎಂಟು ಮಕ್ಕಳ ಎ ಗುಂಪಿಗೆ ದಿನಾ ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ ವಿಶೇಷ ಪಾಠ. ಅದಕ್ಕೆ ಮುರುಗಪ್ಪನವರು ಇಟ್ಟ ಹೆಸರು ಪರಿಹಾರ ಬೋಧನೆ. ಉಳಿದ ಎಂಟು ಮಕ್ಕಳ ಬಿ ಗುಂಪಿಗೆ ಆ ಪಾಠ ಇಲ್ಲ. ಶುರುವಿನಲ್ಲೊಮ್ಮೆ, ವರ್ಷದ ಕೊನೆಗೊಮ್ಮೆ ಎರಡೂ ಗುಂಪಿಗೆ ಒಂದೇ ಪರೀಕ್ಷೆ. ವ್ಯತ್ಯಾಸ ಎಷ್ಟೆಂದು ಅಂಕಿಯಲ್ಲಿ ತೋರಿಸಿದರೆ, ಜಿಲ್ಲೆಯ ಎಲ್ಲ ಶಾಲೆಗಳಲ್ಲೂ ಇಂಥ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆ ತೆಗೆದಿಡಲು ಇಲಾಖೆಯಿಂದ ಹುಕುಂ ಹೊರಡಿಸಬಹುದು.

"ಬಿ ಗುಂಪಿನವರ ಗತಿ ಏನು ಸಾರ್?"

"ಅವರಿಗೆ ಎಂದಿನ ಪಾಠ ಇದ್ದೇ ಇರುತ್ತೆ. ಏನೂ ಕಿತ್ತುಕೊಳ್ಳುವುದಿಲ್ಲ, ಹೆಚ್ಚಿಗೆ ಕೊಡುವುದಿಲ್ಲ, ಅಷ್ಟೇ."

ದೊಡ್ಡತಿಮ್ಮಪ್ಪ ಸೀಮೆಸುಣ್ಣದ ಡಬ್ಬಿ ಖಾಲಿ ಮಾಡಿ ಕೊಟ್ಟರು. ಅದರಲ್ಲಿ ಹದಿನಾರು ಚೀಟಿ. ಮೇಷ್ಟರೇ ಎತ್ತಲಿ ಎಂದರು ಮುರುಗಪ್ಪನವರು. ಮೊದಲ ಎಂಟು ಚೀಟಿ ಎ, ಉಳಿದವು ಬಿ. ಶಿವಗಂಗಮ್ಮ ಎತ್ತಿದಳು. ಏಳಾಯಿತು, ಎಂಟಾಯಿತು, ಮಲ್ಲಕ್ಕನ ಹೆಸರು ಬರಲಿಲ್ಲ. ಬಂದದ್ದು ಹದಿನೈದನೆಯದು. ಬಿ ಗುಂಪಿನಲ್ಲಿ ಏಳನೆಯವಳು.

ಇವಳಿಗೆ ಆಗಲೇ ಶುರು ಮಾಡಿದ್ದೇನೆ, ಇವಳಪ್ಪ ಯುಗಾದಿಯವರೆಗೆ ಗಡುವು ಕೊಟ್ಟಿದ್ದಾನೆ, ಇವಳೊಬ್ಬಳನ್ನು ಬದಲಾಯಿಸಬಹುದೇ ಎಂದು ಕೇಳಿದಳು. ಮುರುಗಪ್ಪನವರು ಕೂಡಲೇ ಇಲ್ಲ ಎನ್ನಲಿಲ್ಲ. ಕನ್ನಡಕ ತೆಗೆದು, ಒರೆಸಿ, ಜಗಲಿಯ ತುದಿಯವರೆಗೆ ಹೋಗಿ ಬಂದರು.

"ಬದಲಾಯಿಸಿದರೆ ಅದು ಪ್ರಯೋಗ ಆಗೋದಿಲ್ಲಮ್ಮ, ನಮ್ಮ ಆಸೆ ಆಗುತ್ತೆ. ಒಬ್ಬಳಿಗೆ ಇವತ್ತು ತಪ್ಪುತ್ತೆ, ಒಪ್ತೀನಿ. ನಾಳೆ ಸಾವಿರ ಮಕ್ಕಳಿಗೆ ಸಿಗುತ್ತೆ."

ಆ ಮಾತಿನಲ್ಲಿ ಮೋಸವಿರಲಿಲ್ಲ. ಪಾಠ ಬಿ ಗುಂಪಿಗೆ ಸೋರದಂತೆ ನೋಡಿಕೊಳ್ಳುತ್ತೇನೆ ಎಂಬ ಹಾಳೆಗೆ ಸಹಿ ಹಾಕಿದಳು.

ಮೂರು ಗಂಟೆಯಾದರೆ ಎ ಗುಂಪು ಒಳಗೆ ಮರಳಿನ ತಟ್ಟೆಯ ಸುತ್ತ ಕೂರುತ್ತಿತ್ತು. ಬಿ ಗುಂಪು ಆಟಕ್ಕೆ ಓಡುತ್ತಿತ್ತು, ಮಲ್ಲಕ್ಕ ಒಬ್ಬಳನ್ನು ಬಿಟ್ಟು. ಅವಳು ಜಗಲಿಯ ಕಂಬ ಹಿಡಿದು ಒಳಗೆ ನೋಡುತ್ತ ನಿಲ್ಲುತ್ತಿದ್ದಳು. ಮೊದಲ ವಾರ ಒಂದು ದಿನ ಹಳ್ಳದ ಸಣ್ಣ ಮರಳನ್ನು ಲಂಗದಲ್ಲಿ ಕಟ್ಟಿಕೊಂಡು ತಂದು ತಟ್ಟೆಗೆ ಸುರಿದು, ನನ್ನ ಪಾಳಿ ಯಾವಾಗ ಎಂದು ಕೇಳಿದಳು. ಮುಂದಿನ ವರ್ಷ ಎಂದಳು ಶಿವಗಂಗಮ್ಮ. ಹುಡುಗಿ ತಲೆಯಾಡಿಸಿ ಹೊರಗೆ ಹೋದಳು. ಮುಂದಿನ ವರ್ಷಕ್ಕೆ ಮುಂಚೆ ಯುಗಾದಿ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕಂಬದ ಹತ್ತಿರ ನಿಲ್ಲುವುದೂ ನಿಯಮಕ್ಕೆ ಸರಿಯಲ್ಲ ಎನ್ನಿಸಿ ಶಿವಗಂಗಮ್ಮ ಬಾಗಿಲು ಮುಚ್ಚತೊಡಗಿದಳು. ಅದನ್ನು ಕಂಡ ದೊಡ್ಡತಿಮ್ಮಪ್ಪನವರಿಗೆ ತಡೆಯಲಾಗಲಿಲ್ಲ.

"ಏನಮ್ಮ, ನಿಮ್ಮ ಮುರುಗಪ್ಪನೋರು ದುರ್ಗದ ಬೆಟ್ಟದ ಮೇಲೆ ದುರ್ಬೀನು ಹಾಕ್ಕಂಡು ಕುಂತಿದಾರಾ? ಆ ಕೂಸಿಗೊಂದಿಷ್ಟು ಹೇಳ್ಕೊಡ್ರಿ. ಯಾರು ನೋಡ್ತಾರೆ?"

ಲೆಕ್ಕ ಕೆಡುತ್ತದೆ ಸಾರ್ ಎಂದಳು ಶಿವಗಂಗಮ್ಮ. ಒಂದು ಶಾಲೆಯ ಲೆಕ್ಕ ಸುಳ್ಳಾದರೆ ಎಲ್ಲವೂ ಸುಳ್ಳಾಗುತ್ತದೆ, ಆಮೇಲೆ ಇಂಥ ಮಕ್ಕಳಿಗೆ ಏನೂ ಸಿಗುವುದಿಲ್ಲ ಎಂದು ವಿವರಿಸಿದಳು. ಅವರು ಕೇಳಿಸಿಕೊಂಡರು. ಮರುದಿನದಿಂದ ಗಂಟೆ ಬಾರಿಸುವ ಕೆಲಸವನ್ನು ಮಲ್ಲಕ್ಕನಿಗೆ ಕೊಟ್ಟು, ಮೂರು ಗಂಟೆಯ ಹೊತ್ತಿಗೆ ಅವಳನ್ನು ತಮ್ಮ ಕುರ್ಚಿಯ ಪಕ್ಕ ಕೂರಿಸಿಕೊಂಡು ಗಡಿಯಾರ ನೋಡುವುದನ್ನು ಕಲಿಸಿದರು. ಅದು ಓದಿನ ಲೆಕ್ಕಕ್ಕೆ ಬರುವುದಿಲ್ಲವಷ್ಟೇ ಎಂದು ಶಿವಗಂಗಮ್ಮನನ್ನು ಕೇಳಿಯೇ ಕಲಿಸಿದರು.

ಹೀಗೆ ನವೆಂಬರ್ ಬಂತು. ರಾಜ್ಯಕ್ಕೆ ಹೊಸ ಹೆಸರು ಬಂದು, ಶಾಲೆಯ ಬೋರ್ಡನ್ನು ಅಳಿಸಿ ಬರೆಯಿಸಿದ ವಾರ. ಊಟದ ಬಿಡುವಿನಲ್ಲಿ ಹಿತ್ತಲ ಹುಣಸೆಯ ಕೆಳಗೆ ಎರಡು ತಲೆಗಳು ಬಾಗಿದ್ದುದು ಶಿವಗಂಗಮ್ಮನಿಗೆ ಕಾಣಿಸಿತು. ಒಂದು ಎ ಗುಂಪಿನ ಯಲ್ಲಕ್ಕ, ಇನ್ನೊಂದು ಮಲ್ಲಕ್ಕ. ಯಲ್ಲಕ್ಕ ಕಡ್ಡಿಯಲ್ಲಿ ಮಣ್ಣಿನ ಮೇಲೆ ಒಂದು ಅಕ್ಷರ ಬರೆದು, ಥೇಟ್ ಶಿವಗಂಗಮ್ಮನ ದನಿಯಲ್ಲೇ "ಇದರವ್ವ ಯಾರು?" ಎನ್ನುತ್ತಿದ್ದಳು. ಮಲ್ಲಕ್ಕ ಬರೆದು ತೋರಿಸಿ ನಕ್ಕಳು. ಶಾಲೆಯಲ್ಲಿ ಅವಳು ನಕ್ಕದ್ದನ್ನು ಕಂಡು ನಾಲ್ಕು ತಿಂಗಳಾಗಿತ್ತು.

ಆರು ತಿಂಗಳ ಹಿಂದೆ ತನ್ನ ಹೆಸರನ್ನೇ ಬರೆಯಲು ಬಾರದ ಯಲ್ಲಕ್ಕ ಇನ್ನೊಬ್ಬಳಿಗೆ ಕಲಿಸುತ್ತಿದ್ದಾಳೆ. ಯಾವ ಮೇಷ್ಟರಿಗಾದರೂ ಇದಕ್ಕಿಂತ ದೊಡ್ಡ ಸಂತೋಷವಿಲ್ಲ. ಶಿವಗಂಗಮ್ಮನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆಮೇಲೆ ಸಹಿ ಹಾಕಿದ ಹಾಳೆ ನೆನಪಾಯಿತು. ಹತ್ತಿರ ಹೋಗಿ, ನಿನ್ನ ಪಾಠ ನಿನಗೆ, ಅವಳಿಗೆ ಹೇಳಿಕೊಡಕೂಡದು, ಇನ್ನೊಂದು ಸಲ ಕಂಡರೆ ನಿನ್ನನ್ನೂ ತಟ್ಟೆಯ ಹತ್ತಿರ ಸೇರಿಸುವುದಿಲ್ಲ ಎಂದು ಯಲ್ಲಕ್ಕನನ್ನು ಗದರಿದಳು. ಯಲ್ಲಕ್ಕ ಅತ್ತಳು. ಮಲ್ಲಕ್ಕ ಅಳಲಿಲ್ಲ. ಎದ್ದು ನಿಂತು, ಮಣ್ಣಿನ ಮೇಲಿದ್ದ ಅಕ್ಷರಗಳನ್ನು ಅಂಗಾಲಿನಿಂದ ಒಂದೊಂದಾಗಿ ಒರೆಸಿದಳು.

ಅಂದಿನ ತಾರೀಕಿಗೆ ಶಿವಗಂಗಮ್ಮ ಪುಸ್ತಕದಲ್ಲಿ ಹೀಗೆ ಬರೆದಳು: ಎ ಗುಂಪಿನ ವಿದ್ಯಾರ್ಥಿನಿಯೊಬ್ಬಳಿಂದ ಬಿ ಗುಂಪಿಗೆ ಪಾಠ ಸೋರುತ್ತಿರುವುದು ಕಂಡುಬಂತು. ತಡೆಯಲಾಯಿತು.

ಮಾರ್ಚಿನಲ್ಲಿ ಪರೀಕ್ಷೆ. ಎ ಗುಂಪಿನ ಮಕ್ಕಳು ಐವತ್ತಕ್ಕೆ ಮೂವತ್ತು, ಮೂವತ್ತೈದು ತೆಗೆದರು. ಬಿ ಗುಂಪಿನವರು ಹಿಂದಿನ ಜುಲೈನಲ್ಲಿ ಎಲ್ಲಿದ್ದರೋ ಅಲ್ಲೇ ಇದ್ದರು. ಮಲ್ಲಕ್ಕನಿಗೆ ಹನ್ನೊಂದಿದ್ದುದು ಹನ್ನೆರಡಾಯಿತು. ಇಷ್ಟು ಅಚ್ಚುಕಟ್ಟಾದ ಅಂಕಿ ಬೇರೆ ಯಾವ ಶಾಲೆಯಲ್ಲೂ ಬಂದಿಲ್ಲ ಎಂದು ಮುರುಗಪ್ಪನವರು ಸಂತೋಷಪಟ್ಟು, ಶಿವಗಂಗಮ್ಮನ ಪುಸ್ತಕವನ್ನೂ ಕೇಳಿ ತೆಗೆದುಕೊಂಡು ಹೋದರು.

ಯುಗಾದಿಯ ಮಾರನೆಯ ದಿನ ಜುಂಜಯ್ಯ ಬಂದ. ಪಾಸಿನ ಚೀಟಿಯನ್ನು ಮಗಳ ಕೈಗೆ ಕೊಟ್ಟು ಓದು ಎಂದ. ಮಲ್ಲಕ್ಕ ಅದನ್ನು ನೇರವಾಗಿ ಹಿಡಿದಳು, ಅಷ್ಟು ಮಾತ್ರ. ಅವನು ಸ್ವಲ್ಪ ಹೊತ್ತು ಕಾದ, ಚೀಟಿಯನ್ನು ಮೆಲ್ಲಗೆ ತೆಗೆದುಕೊಂಡು ಮಡಿಸಿದ. ಇನ್ನೊಂದು ವರ್ಷ ಬಿಡಪ್ಪ, ನಾನು ಕಲಿಸುತ್ತೇನೆ ಎಂದು ಶಿವಗಂಗಮ್ಮ ಬೇಡಿಕೊಂಡಳು.

"ಒಂದ್ ವರ್ಸ ಬಿಟ್ಟಿದ್ನಲ್ಲ ತಾಯಿ," ಎಂದ. ದನಿಯಲ್ಲಿ ಕೋಪವಿರಲಿಲ್ಲ. "ನಿಮ್ ಕೈಲಾದಷ್ಟು ನೀವು ಮಾಡಿದ್ರಿ. ಹುಡ್ಗಿ ತಲೇಲಿ ಇಲ್ದಿದ್ರೆ ನೀವಾದ್ರೂ ಏನ್ ಮಾಡ್ತೀರಿ."

ನಿಜ ಹೇಳಲು ಅದೇ ಸಮಯವಾಗಿತ್ತು. ನಾನು ಮಾಡಲಿಲ್ಲ, ಬೇಕೆಂದೇ ಮಾಡಲಿಲ್ಲ ಎನ್ನಬೇಕಿತ್ತು. ನಾಲ್ಕೇ ಪದ. ಜಗಲಿಯ ಮೇಲೆ ಇಡೀ ಶಾಲೆ ನೋಡುತ್ತಿತ್ತು. ಪ್ರಯೋಗ, ಗುಂಪು, ಚೀಟಿ, ಇವನ್ನೆಲ್ಲ ಈ ಮನುಷ್ಯನಿಗೆ ಹೇಗೆ ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಅಪ್ಪ ಮಗಳು ಬೇಲಿ ದಾಟಿದ್ದರು. ಮಲ್ಲಕ್ಕ ಹೋಗುವ ಮುನ್ನ ಗಂಟೆಯ ಕೋಲನ್ನು ಹೆಡ್‌ಮೇಷ್ಟರ ಮೇಜಿನ ಮೇಲೆ ಇಟ್ಟು ಹೋಗಿದ್ದಳು.

ಜೂನಿನಲ್ಲಿ ಶಾಲೆ ತೆರೆದ ದಿನವೇ ಶಿವಗಂಗಮ್ಮ ಬಿ ಗುಂಪಿನ ಮಕ್ಕಳನ್ನು ತಟ್ಟೆಯ ಸುತ್ತ ಕೂರಿಸಿಕೊಂಡಳು. ಏಳು ಮಕ್ಕಳು. ದೀಪಾವಳಿಯ ಹೊತ್ತಿಗೆ ಏಳೂ ಮಕ್ಕಳು ಓದುತ್ತಿದ್ದರು. ಅದರಿಂದ ಅವಳಿಗೆ ಆಗಬೇಕಾದ ಸಮಾಧಾನ ಆಗಲಿಲ್ಲ. ಪ್ರತಿಯೊಂದು ಮಗು ಓದಿದಾಗಲೂ ಇಷ್ಟೇ ಸಾಕಾಗಿತ್ತಲ್ಲ ಎನ್ನಿಸುತ್ತಿತ್ತು. ಆದರೂ ಮನಸ್ಸು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಸಾವಿರ ಮಕ್ಕಳು. ಹುಕುಂ ಬರುತ್ತದೆ. ಒಬ್ಬಳು ತೆತ್ತದ್ದು ಸಾವಿರ ಮಕ್ಕಳಿಗೆ.

೧೯೭೫ರ ಡಿಸೆಂಬರಿನಲ್ಲಿ ಚಿತ್ರದುರ್ಗದಲ್ಲಿ ಶಿಕ್ಷಕರ ವಿಚಾರಗೋಷ್ಠಿ ನಡೆಯಿತು. ಅಚ್ಚು ಹಾಕಿಸಿದ ಆಹ್ವಾನ ಬಂತು. ಮುರುಗಪ್ಪನವರು ಈಗ ಡಾಕ್ಟರ್ ಮುರುಗಪ್ಪನವರು. ವೇದಿಕೆಯ ಮೇಲೆ ದೊಡ್ಡ ಹಾಳೆಯಲ್ಲಿ ಎರಡು ಗೆರೆ ಎಳೆದು, ಒಂದು ಏರಿದ್ದನ್ನೂ ಇನ್ನೊಂದು ಅಷ್ಟಾಗಿ ಏರದ್ದನ್ನೂ ಕೋಲಿನಿಂದ ತೋರಿಸಿದರು. ಮರಳಿನ ತಟ್ಟೆಯ ಪಾಠಕ್ಕೆ ಅವರು ಆಕೃತಿ ವಿವೇಚನಾ ವಿಧಾನ ಎಂದು ಹೆಸರಿಟ್ಟಿದ್ದರು. ಕುರಿ, ಮರಿ, ತಾಯಿ ಒಂದೂ ಇರಲಿಲ್ಲ.

ಕಾಫಿಯ ಬಿಡುವಿನಲ್ಲಿ ಪಕ್ಕದಲ್ಲಿ ನಿಂತವರು ಬೋರಪ್ಪ, ಹೊಳಲ್ಕೆರೆ ಕಡೆಯ ಮೇಷ್ಟರು. ಅವರ ಶಾಲೆಯೂ ಆ ಹನ್ನೆರಡರಲ್ಲಿ ಒಂದು. ನಗುಮುಖದ ದಪ್ಪ ಮನುಷ್ಯ. ಸಾಲು ಉದ್ದವಿತ್ತೆಂದು ಅವಳ ಲೋಟವನ್ನೂ ತಾವೇ ತಂದುಕೊಟ್ಟರು. ಬಿ ಗುಂಪಿನ ಮಕ್ಕಳನ್ನು ಹೇಗೆ ದೂರವಿಟ್ಟಿರಿ, ನಿಮಗೂ ಕಷ್ಟವಾಯಿತೇ ಎಂದು ಶಿವಗಂಗಮ್ಮ ಮೆಲ್ಲಗೆ ಕೇಳಿದಳು. ಎರಡು ವರ್ಷ ಯಾರ ಮುಂದೆಯೂ ಆಡದ ಮಾತು, ಇವರಿಗಾದರೂ ಅರ್ಥವಾದೀತು ಎಂದು.

ಬೋರಪ್ಪ ಅವಳ ಮುಖ ನೋಡಿದರು.

"ದೂರ ಯಾರ್ ಇಟ್ರು? ಎಲ್ಲಾರ್ನೂ ಕೂರಿಸ್ಕಂಡೆ. ಎಂಟು ಮಕ್ಳಿಗೆ ಹೇಳೋದನ್ನ ಹದಿನಾರು ಮಕ್ಳಿಗೆ ಹೇಳಿದ್ರೆ ಬಾಯೇನ್ ಸವೀತದಾ? ಬಿ ಗುಂಪಿಗೆ ಒಂದಿಷ್ಟು ಮಾರ್ಕು ಕಮ್ಮಿ ಬರ್ದು ಕಳಿಸ್ದೆ. ನಮ್ ಕಡೆ ಮೂರೂ ಶಾಲೇಲಿ ಹಂಗೇ." ಇಷ್ಟು ಹೇಳಿದ ಮೇಲೆ ಅವರ ನಗು ನಿಂತಿತು. "ಯಾಕ್ರಿ, ನೀವು?"

ನಾನು ಬಾಗಿಲು ಮುಚ್ಚುತ್ತಿದ್ದೆ ಎಂದಳು ಶಿವಗಂಗಮ್ಮ. ಬೋರಪ್ಪ ಲೋಟವನ್ನು ಅವಳ ಕೈಯಿಂದ ತೆಗೆದು ಕಿಟಕಿಯ ಮೇಲಿಟ್ಟರು. "ನೀವ್ ಅಷ್ಟು ನೆಟ್ಟಗೆ ನಡ್ಕಂತೀರಿ ಅಂತ ಮುರುಗಪ್ಪನೋರಿಗೂ ಗೊತ್ತಿರ್ಲಿಕ್ಕಿಲ್ಲ ಬಿಡ್ರಮ್ಮ," ಎಂದರು.

ಗೊತ್ತಿತ್ತು. ಸಭೆ ಮುಗಿದ ಮೇಲೆ ಮುರುಗಪ್ಪನವರ ಕೋಣೆಗೆ ಹೋಗಿ ಕೇಳಿದಾಗ ಅವರೇ ಒಪ್ಪಿಕೊಂಡರು. ಕೆಂಪು ರೆಕ್ಸಿನ್ ಹೊದಿಸಿದ ದಪ್ಪ ಪುಸ್ತಕವನ್ನು ತೆರೆದು ಕೋಷ್ಟಕ ತೋರಿಸಿದರು. ಬಿ-೭ ಎಂದಿತ್ತು. ಅದರ ಮುಂದೆ ೧೧, ಅದರ ಮುಂದೆ ೧೨.

"ಅಂಕಿ ನೋಡಿದರೆ ಗೊತ್ತಾಗುತ್ತಮ್ಮ. ಹನ್ನೆರಡು ಶಾಲೆಯಲ್ಲಿ ನಿಜವಾಗಿ ತಡೆದು ಹಿಡಿದವರು ನೀವೊಬ್ಬರೇ. ಉಳಿದವರದು ಬಿಟ್ಟರೆ ನನ್ನ ಹತ್ತಿರ ಉಳಿಯೋದು ಹದಿನಾರು ಮಕ್ಕಳು. ಹದಿನಾರಕ್ಕೆ ಯಾರೂ ಪದವಿ ಕೊಡಲ್ಲ."

ಹಾಗಾದರೆ ಹುಕುಂ ಎಂದಳು. ವರದಿ ಕಳಿಸಿದ್ದಾಯಿತು, ಹೆಚ್ಚಿಗೆ ಮೇಷ್ಟರು ಬೇಕಾಗುತ್ತಾರೆ ಎಂದು ಬರೆದು ಇಲಾಖೆಯವರು ಹಿಂದಕ್ಕೆ ಕಳಿಸಿದರು ಎಂದರು. ಕಡತ ಅವರ ಬೀರುವಿನಲ್ಲೇ ಇತ್ತು. ಮೊದಲ ಹಾಳೆಗಳಲ್ಲಿ ನಿಮ್ಮ ಹೆಸರು ಹಾಕಿದ್ದೇನೆ ಎಂದು ಹುಡುಕಿ ತೋರಿಸಿದರು. ಸಹಕರಿಸಿದ ಹನ್ನೆರಡು ಶಿಕ್ಷಕರ ಸಾಲಿನಲ್ಲಿ ಅವಳದೂ ಇತ್ತು, ಬೋರಪ್ಪನವರ ಹೆಸರಿನ ಕೆಳಗೆ. ಅವಳ ಹಳೆಯ ನೋಟ್‌ಪುಸ್ತಕವನ್ನು ಹಾಳಾಗದಂತೆ ಹೊಸ ಹೊದಿಕೆ ಹಾಕಿಸಿ ಇಟ್ಟಿದ್ದರು, ಅದನ್ನು ಕೊಟ್ಟರು. ಆಮೇಲೆ, ಬೇಡವೆಂದರೂ ಅವಳ ಚೀಲ ಹಿಡಿದುಕೊಂಡು ಬಸ್ ನಿಲ್ದಾಣದವರೆಗೆ ಬಂದರು. ಹಿರಿಯೂರಿನ ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದರು. ಕೆಟ್ಟ ಮನುಷ್ಯನಾಗಿದ್ದರೆ ಶಿವಗಂಗಮ್ಮನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಮುಂದಿನ ಭಾನುವಾರ ಅವಳು ಹಟ್ಟಿಗೆ ಹೋಗಿ ವಿಚಾರಿಸಿದಳು. ಹೊಳೆಸಾಲಿನಿಂದ ಮಂದೆ ಮಳೆಗಾಲಕ್ಕೇ ಮರಳಿದೆ, ಈಗ ಹೊಸದುರ್ಗದ ರಸ್ತೆಯ ಆಚೆ ರಾಗಿ ಕೊಯ್ದ ಹೊಲದಲ್ಲಿ ಬೀಡು ಬಿಟ್ಟಿದೆ ಎಂದಳು ಮಲ್ಲಕ್ಕನ ಅಜ್ಜಿ. ಶಿವಗಂಗಮ್ಮ ನಡೆದಳು. ಹೋಗುವಾಗ ದಾರಿಯುದ್ದಕ್ಕೂ ಮಾತನ್ನು ಜೋಡಿಸಿದಳು. ಹುಡುಗಿಯ ವರ್ಷ ಹಿಂದಕ್ಕೆ ಬರುವುದಿಲ್ಲ. ಆದರೆ ದಡ್ಡಿ ಎಂಬ ಮಾತನ್ನಾದರೂ ಅವಳ ತಲೆಯ ಮೇಲಿಂದ ಇಳಿಸಬೇಕು.

ನಡು ಹಗಲು. ಕುರಿಗಳು ಮೇಯಲು ಹೋಗಿದ್ದವು, ಜುಂಜಯ್ಯನೂ ಅವನ ಹೆಂಡತಿ ಜಯಕ್ಕನೂ ಅವುಗಳ ಹಿಂದೆ. ಮಲ್ಲಕ್ಕ ಒಬ್ಬಳೇ ಮೂರು ಕಲ್ಲಿನ ಒಲೆ ಹೂಡಿ ಕುಳಿತಿದ್ದಳು. ಪಕ್ಕದ ತಡಿಕೆಯಲ್ಲಿ ಎಳೆಮರಿಗಳು. ಎತ್ತರವಾಗಿದ್ದಳು, ಸೀರೆ ಉಟ್ಟಿದ್ದಳು. ಕಂಡ ಕೂಡಲೇ ಎದ್ದು, ಕಂಬಳಿ ಕೊಡವಿ ನೆರಳಿಗೆ ಹಾಸಿದಳು.

"ಬರ್ರಿ ಮೇಷ್ಟ್ರಮ್ಮ. ಕುಂತ್ಕಳ್ರಿ."

ಕುಶಲ ಕೇಳಿದ್ದಾಯಿತು. ಅಜ್ಜಿಯ ಕಾಲುನೋವು, ಹೆಡ್‌ಮೇಷ್ಟರಿಗೆ ಪಿಂಚಣಿ ಬಂದದ್ದು, ಎಲ್ಲ ಆಯಿತು. ಈಗಲೂ ಓದುವ ಆಸೆ ಇದೆಯೇ ಎಂದು ಶಿವಗಂಗಮ್ಮ ಕೇಳಿದಳು.

"ನಂಗ್ ತಲೆ ಇಲ್ಲ ಬಿಡ್ರಿ. ಅಪ್ಪಯ್ಯ ಎಲ್ಲಾರ್ ತಾವನೂ ಹೇಳೈತೆ. ಮೇಷ್ಟ್ರಮ್ಮ ಪಾಪ ಭಾಳ ಕಷ್ಟ ಬಿದ್ರು, ನಮ್ ಹುಡ್ಗಿಗೇ ಹತ್ಲಿಲ್ಲ ಅಂತ."

ಆಗ ಶಿವಗಂಗಮ್ಮ ಹೇಳಿದಳು. ಚೀಟಿ ಎತ್ತಿದ್ದನ್ನು, ತಾನೇ ಎತ್ತಿದ್ದನ್ನು, ಹದಿನೈದನೆಯದಾಗಿ ಬಂದದ್ದನ್ನು, ಸಹಿಯನ್ನು. ಬೇಕೆಂದೇ ಕಲಿಸಲಿಲ್ಲ ಎಂದಳು. ನಿನ್ನ ಜೊತೆಯ ಏಳೂ ಮಕ್ಕಳು ಮುಂದಿನ ವರ್ಷ ಓದಿದರು, ನೀನು ಅವರೆಲ್ಲರಿಗಿಂತ ಮುಂದಿದ್ದೆ ಎಂದಳು. ಉಳಿದ ಶಾಲೆಗಳ ಮೇಷ್ಟರು ಕಲಿಸಿದರು, ನಾನೊಬ್ಬಳು ಕಲಿಸಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಮಲ್ಲಕ್ಕ ಒಲೆಗೆ ಒಂದು ಪುಳ್ಳೆ ಸೇರಿಸಿದಳು. ಇನ್ನೊಂದನ್ನು ಮುರಿದಳು, ಒಲೆಗೆ ಹಾಕಲಿಲ್ಲ.

"ಯಲ್ಲಕ್ಕ ಹೇಳ್ಕೊಡ್ತಿದ್ಲು. ಅದುಕ್ಕೂ ಬೈದ್ರಿ."

"ಬೈದೆ."

"ನಾನ್ ಅವತ್ತು ಏನ್ ಅಂದ್ಕಂಡೆ ಗೊತ್ತ? ನಾನ್ ಮುಟ್ಟಿದ್ರೆ ಅಕ್ಷರ ಕೆಡ್ತಾವೇನೋ, ಯಲ್ಲಕ್ಕನ್ವೂ ಕೆಡ್ತಾವೇನೋ ಅಂತ. ಅದುಕ್ಕೇ ಒರೆಸ್ದೆ."

ಎಳೆಮರಿಯೊಂದು ಕೂಗಿತು. ಮಲ್ಲಕ್ಕ ಅತ್ತ ನೋಡಲಿಲ್ಲ. ಈಗ ಭಾನುವಾರ ಭಾನುವಾರ ಇಲ್ಲಿಗೇ ಬಂದು ಕಲಿಸುತ್ತೇನೆ ಎಂದಳು ಶಿವಗಂಗಮ್ಮ.

"ನಾಳಿದ್ದು ಇಲ್ಲಿಂದ ಏಳ್ತೀವಿ. ಭದ್ರಾ ಕಡೆ ಹೋಗಾಣ ಅಂತ ಅಪ್ಪಯ್ಯ ಹೇಳೈತೆ. ಎಲ್ಲಿಗಂತ ಬರ್ತೀರಿ?"

ಅದರಲ್ಲಿ ಚುಚ್ಚು ಇರಲಿಲ್ಲ, ಕೇಳಿದ್ದಷ್ಟೇ. ಎರಡು ಗಂಟೆಯ ಬಸ್ಸು ತಪ್ಪಿದರೆ ಸಂಜೆಯವರೆಗೆ ಬೇರೆ ಇಲ್ಲ. ಏಳಲು ನೆಲಕ್ಕೆ ಕೈಯೂರಿದಳು. ಏಳಲಾಗಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದು ಅವಳಿಗೆ ಆಗಲೇ ನೆನಪಾದದ್ದು.

ಮಲ್ಲಕ್ಕ ಅದನ್ನು ಕಂಡಳು. ಗಡಿಗೆಯ ಹಿಟ್ಟನ್ನು ಕೋಲಿನಿಂದ ತಿರುವಿ, ಕೈ ಒದ್ದೆ ಮಾಡಿಕೊಂಡು ಒಂದು ಮುದ್ದೆ ಕಟ್ಟಿದಳು. ಇದ್ದ ಅಲ್ಯೂಮಿನಿಯಂ ತಟ್ಟೆಗಳಲ್ಲಿ ನೆಗ್ಗದ ಒಂದನ್ನು ಆರಿಸಿ, ನೀರು ಹಾಕಿ ತೊಳೆದು, ಸೆರಗಿನಲ್ಲಿ ಒರೆಸಿದಳು. ಮುದ್ದೆ ಇಟ್ಟು, ನಡುವೆ ಬೆರಳಿನಿಂದ ಗುಳಿ ಮಾಡಿ ಹುರುಳಿ ಸಾರು ಬಿಟ್ಟಳು. ಉಳಿದದ್ದನ್ನು ಅಪ್ಪ ಅವ್ವನಿಗೆಂದು ಮುಚ್ಚಿಟ್ಟಳು. ಆಮೇಲೆ ಕಂಬಳಿಯ ಹತ್ತಿರ ಬಂದು, ಮೊಣಕಾಲೂರಿ, ಮುಖ ನೋಡದೆ, ತಟ್ಟೆಯನ್ನು ಎರಡೂ ಕೈಯಿಂದ ಶಿವಗಂಗಮ್ಮನ ಕೈಗೆ ಕೊಟ್ಟಳು.